ಚೀಲ ಹೆಗಲಿಗೆ ಹತ್ತದ ಕಾಯಿಲೆ: ಒಂದು ಪ್ರೋಟೀನ್ ಮತ್ತು ಅದರ ಜೊತೆಗಾರರ ಪ್ರಕರಣ

ಜನವರಿ ಕೊನೆಯ ವಾರ. ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬಂದು ಬೀಳುವ ಕಾಲ. ಹಮಾಲಿಗಳಿಗೆ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಸಿಗುವುದು ಈ ಎರಡು ಮೂರು ತಿಂಗಳಲ್ಲೇ. ಅಂಥ ಹೊತ್ತಲ್ಲಿ ಒಬ್ಬ ಹಮಾಲಿ ಕೆಲಸ ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೇ ನನ್ನ ಓಪಿಡಿಯ ಬೆಂಚಿನ ಮೇಲೆ ಕೂತಿದ್ದರು. ಜೊತೆಗೆ ಹೆಂಡತಿ ಮತ್ತು ಬಿ.ಎಸ್ಸಿ. ಓದುವ ಮಗಳು. ಸೊಂಟ ನೋವೋ ಕುತ್ತಿಗೆ ನೋವೋ ಇರಬೇಕು ಅಂದುಕೊಂಡು, ಎಲ್ಲಿ ನೋವು ಎಂದು ಕೇಳಿದೆ.

“ನೋವಿಲ್ರಿ ಸಾಹೇಬ್ರ. ಚೀಲ ಹೆಗಲಿಗಿ ಹತ್ತವಲ್ದು.”

ಆ ಒಂದು ಮಾತಿನಿಂದ ಶುರುವಾದ ಪ್ರಕರಣ ಇದು. ಜೀವಕೋಶದೊಳಗಿನ ಒಂದು ಸಣ್ಣ ಯಂತ್ರದವರೆಗೆ ನಮ್ಮನ್ನು ಎಳೆದುಕೊಂಡು ಹೋಯಿತು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ನಾನು ಸಾಮಾನ್ಯ ಫಿಜಿಷಿಯನ್. ಆದರೆ ಈ ಮನೆಯವರಿಗೆ ಕಾಯಿಲೆ ಏನೆಂದು ಅರ್ಥ ಮಾಡಿಸಬೇಕಾದಾಗ, ಹತ್ತಾರು ವರ್ಷಗಳ ಹಿಂದೆ ಓದಿ ಬಿಟ್ಟಿದ್ದ ಪಾಠವನ್ನು ನಾನೇ ಮತ್ತೆ ಮೊದಲಿಂದ ಓದಬೇಕಾಯಿತು. ಹಾಗೆ ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಕಂಡದ್ದು

ವಯಸ್ಸು 46. ಮೂಲ ಊರು ಯಾದಗಿರಿ ಜಿಲ್ಲೆ. ಇಪ್ಪತ್ತು ವರ್ಷದಿಂದ ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ದುಡಿಯುತ್ತಿದ್ದಾರೆ. ಕುಡಿತವಿಲ್ಲ. ಎರಡು ವರ್ಷದ ಹಿಂದಿನವರೆಗೆ 50 ಕಿಲೊ ಚೀಲವನ್ನು ಯಾರ ಸಹಾಯವೂ ಇಲ್ಲದೆ ಹೆಗಲಿಗೆ ಏರಿಸಿಕೊಳ್ಳುತ್ತಿದ್ದವರು. ಮೊದಮೊದಲು ಸಂಜೆ ಹೊತ್ತಿಗೆ ಕೈ ಸೋಲುತ್ತಿತ್ತು. ಆಮೇಲೆ ಬೆಳಿಗ್ಗೆಯೂ ಸೋಲತೊಡಗಿತು. ಈಗ ತಲೆ ಬಾಚಲು ಮೊಣಕೈಯನ್ನು ಗೋಡೆಗೆ ಆನಿಸಿಕೊಳ್ಳಬೇಕು.

ಗೋಡೆಗೆ ಎರಡೂ ಅಂಗೈ ಒತ್ತಿ ನಿಲ್ಲಲು ಹೇಳಿದೆ. ಬೆನ್ನ ಮೇಲಿನ ಹೆಗಲ ಮೂಳೆಗಳೆರಡೂ ರೆಕ್ಕೆಯ ಹಾಗೆ ಹೊರಗೆ ಎದ್ದು ನಿಂತವು. ಅವನ್ನು ಎದೆಗೂಡಿಗೆ ಒತ್ತಿ ಹಿಡಿಯುವ ಸ್ನಾಯುಗಳು ಸೊರಗಿದಾಗ ಹೀಗಾಗುತ್ತದೆ. ನೆಲದ ಮೇಲೆ ಕೂತು ಏಳಲು ಹೇಳಿದೆ. ತೊಡೆಗೆ ಕೈಯೂರಿ ಎದ್ದರು. ಮುಖ, ಕಣ್ಣು, ನುಂಗುವುದು ಎಲ್ಲ ಚೆನ್ನಾಗಿತ್ತು. ಮುಟ್ಟಿದರೆ ಗೊತ್ತಾಗುತ್ತಿತ್ತು. ಮಾಂಸಖಂಡಗಳಲ್ಲಿ ಅದುರು ಇರಲಿಲ್ಲ.

ಅವರ ಕೈಚೀಲದ ತುಂಬ ರಿಪೋರ್ಟ್‌ಗಳಿದ್ದವು. ಒಬ್ಬರು ಕುತ್ತಿಗೆ ಮೂಳೆ ಸವೆತ ಎಂದು ಬರೆದಿದ್ದರು. ಇನ್ನೊಬ್ಬರು ಹೆಗಲ ಕೀಲು ಬಿಗಿದಿದೆ ಎಂದಿದ್ದರು. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದ ಕೂಡಲೇ ಸೊಲ್ಲಾಪುರದ ರೈಲು ಹತ್ತುತ್ತಾರಲ್ವಾ, ಇವರೂ ಹೋಗಿ ಬಂದಿದ್ದರು. ಅಲ್ಲಿ ಸ್ನಾಯು ಉರಿಯೂತ ಇರಬಹುದೆಂದು ಮೂರು ತಿಂಗಳು ಸ್ಟೆರಾಯ್ಡ್ ಕೊಟ್ಟಿದ್ದರು. ಶಕ್ತಿ ಬರಲಿಲ್ಲ, ಸಕ್ಕರೆ ಏರಿತು, ನಿಲ್ಲಿಸಿದರು.

ಆ ಕಾಗದಗಳ ನಡುವೆ ನಾಲ್ಕು ವರ್ಷ ಹಳೆಯ ಒಂದು ರಕ್ತ ಪರೀಕ್ಷೆಯ ಹಾಳೆ ಇತ್ತು. ಅದರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ, ಲಿವರಿನಿಂದಲೂ ಮೂಳೆಯಿಂದಲೂ ರಕ್ತಕ್ಕೆ ಬರುವ ಕಿಣ್ವ 286. ಆ ಲ್ಯಾಬಿನ ಮಿತಿ 120. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ‘ಲಿವರ್’ ಎಂದು ಬರೆದು ಟಾನಿಕ್ ಹೆಸರು ಗೀಚಿದ್ದರು. ನಾನೂ ಅದನ್ನು ನೋಡಿದೆ, ಪಕ್ಕಕ್ಕೆ ಇಟ್ಟೆ.

ನಾನು ಹಿಡಿದ ತಪ್ಪು ದಾರಿ

ನಮ್ಮಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಅದೇ ಅಂಕಿ 412ಕ್ಕೆ ಏರಿತ್ತು. ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಸಿಕೆ ಎಂಬ ಕಿಣ್ವ 310. ಅಂದರೆ ಸ್ವಲ್ಪವೇ ಜಾಸ್ತಿ. ವಿಟಮಿನ್ ಡಿ 14, ಕಡಿಮೆ.

ಇಲ್ಲಿ ನಾನು ಎಡವಿದೆ. ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದರೆ ಎರಡು ಲಕ್ಷಣ ಒಟ್ಟಿಗೆ ಕಾಣುತ್ತವೆ. ತೊಡೆ ಮತ್ತು ಹೆಗಲಿನ ಸ್ನಾಯು ಸೋಲುತ್ತವೆ, ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ. ಎರಡೂ ಇಲ್ಲಿ ಇದ್ದವು. ಜೊತೆಗೆ ಇನ್ನೊಂದು ಅನುಮಾನ. ಯಾದಗಿರಿ ಜಿಲ್ಲೆಯ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅದನ್ನು ಕುಡಿದವರ ಮೂಳೆಯಲ್ಲೂ ಈ ಕಿಣ್ವ ಏರುತ್ತದೆ. ಹಾಗಾಗಿ ನನ್ನ ಮನಸ್ಸು ಬೇರೆ ಕಡೆ ಹೋಗಲೇ ಇಲ್ಲ. ವಾರಕ್ಕೊಂದು 60,000 ಯೂನಿಟ್ ಪುಡಿ, ಎಂಟು ವಾರ ಬರೆದುಕೊಟ್ಟೆ.

ಹತ್ತು ವಾರದ ಮೇಲೆ ಬಂದರು. ವಿಟಮಿನ್ ಡಿ 38ಕ್ಕೆ ಏರಿತ್ತು. ಆಲ್ಕಲೈನ್ ಫಾಸ್ಫಟೇಸ್ 405, ಅಲ್ಲೇ ನಿಂತಿತ್ತು. ಕೈ ಒಂದು ಇಂಚೂ ಜಾಸ್ತಿ ಏಳುತ್ತಿರಲಿಲ್ಲ. ಹಿಂದಿನ ಹಾಳೆಯನ್ನು ಮತ್ತೆ ನೋಡಿದೆ. ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಸರಿಯಾಗಿಯೇ ಇದ್ದವು. ಮೂಳೆ ಅಷ್ಟು ಮೆತ್ತಗಾಗಿದ್ದರೆ ಅವು ಹಾಗೆ ಇರುವುದು ಕಡಿಮೆ. ಅದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಲಿವರಿನ ಇನ್ನೊಂದು ಕಿಣ್ವ ಜಿಜಿಟಿ ಮಾಡಿಸಿದೆ. ಅದೂ ಸರಿ. ಹಾಗಾದರೆ ಇಷ್ಟು ವರ್ಷ ಏರಿದ್ದ ಕಿಣ್ವ ಲಿವರಿನದ್ದಲ್ಲ, ಮೂಳೆಯದ್ದು.

ಸೊಂಟದ ಎಕ್ಸ್‌ರೇ ತೆಗೆಸಿದೆ. ರೇಡಿಯಾಲಜಿಯ ಗೆಳೆಯರು ಫಿಲ್ಮನ್ನು ಬೆಳಕಿಗೆ ಹಿಡಿದು ಬಲಗಡೆ ತೋರಿಸಿದರು. ಮೂಳೆಯ ಹೊರಪದರ ದಪ್ಪಗಾಗಿತ್ತು. ಒಳಗಿನ ಗೆರೆಗಳು ಒರಟಾಗಿ, ಅಡ್ಡಾದಿಡ್ಡಿಯಾಗಿ ಎದ್ದಿದ್ದವು. ಪ್ಯಾಜೆಟ್ ಕಾಯಿಲೆ. ಮೂಳೆ ಕರಗಿಸುವ ಕೋಶಗಳು ಅತಿಯಾಗಿ ಚುರುಕಾಗುತ್ತವೆ, ಅದರ ಬೆನ್ನಿಗೇ ಮೂಳೆ ಕಟ್ಟುವ ಕೋಶಗಳು ಅವಸರದಲ್ಲಿ ಕೆಟ್ಟದಾಗಿ ಕಟ್ಟುತ್ತವೆ. ನಮ್ಮ ದೇಶದಲ್ಲಿ ಇದು ಅಪರೂಪ. ಇನ್ನೂ ಐವತ್ತು ಮುಟ್ಟದವರಲ್ಲಂತೂ ಇನ್ನೂ ಅಪರೂಪ.

ಸ್ನಾಯು ಒಂದು ಕಡೆ, ಮೂಳೆ ಒಂದು ಕಡೆ. ಎರಡನ್ನೂ ಕೂಡಿಸಿದ್ದು ಅವರ ಹೆಂಡತಿಯ ಮಾತು. ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು ಹೇಳಿದರು.

“ನಮ್ಮ ಮಾವನೋರಿಗಿ ಭೀ ಹಿಂಗೇ ಆಗಿತ್ರಿ ಸಾಹೇಬ್ರ. ಮೊದಲ ಕೈ ಹೋಯ್ತು, ಆಮ್ಯಾಲ ಕಾಲು. ಮಂದಿ ಲಕ್ವಾ ಅಂದ್ರು. ಕಡೀಕಡೀಗಿ ಮಾತೇ ಬಿಟ್ರು. ಬರೇ ಬೆಲ್ಲ ಸಕ್ರಿ ಬೇಡ್ತಿದ್ರು. ಸತ್ತೋರ ಮನಿಗಿ ಹೋದ್ರೂ ನಗ್ತಿದ್ರು. ಗಾಣಗಾಪುರಕ್ಕ ಕರ್ಕೊಂಡು ಹೋಗಿ ಐದು ಹುಣ್ಣಿವಿ ಸೇವಾ ಮಾಡಿಸಿದ್ವಿ.”

ನಾನು ಅವರನ್ನು ಮತ್ತೆ ಕೂರಿಸಿದೆ. ಸತ್ತ ಮನೆಯಲ್ಲಿ ನಗುವುದು, ಸಿಹಿಗೆ ಹಾತೊರೆಯುವುದು, ಮಾತು ನಿಲ್ಲುವುದು. ಮಿದುಳಿನ ಮುಂಭಾಗ ಸವೆಯುವ ಮರೆವಿನ ಕಾಯಿಲೆಯಲ್ಲಿ ನಡತೆ ಹೀಗೆ ಬದಲಾಗುತ್ತದೆ. ಒಂದೇ ಮನೆತನದಲ್ಲಿ ಸ್ನಾಯು, ಮೂಳೆ, ಮಿದುಳು. ಈ ಮೂರನ್ನೂ ಒಟ್ಟಿಗೆ ಹಿಡಿಯುವ ವಂಶದ ಕಾಯಿಲೆಯೊಂದು ಇದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. 2004ರಲ್ಲಿ ಅದರ ಜೀನ್ ಪತ್ತೆಯಾಗಿತ್ತು. ಹೆಸರು ವಿಸಿಪಿ. ಆ ಜೀನ್ ನೋಡಿ ಕೋಶ ಕಟ್ಟುವ ಪ್ರೋಟೀನಿಗೂ ಅದೇ ಹೆಸರು.

ರಕ್ತವನ್ನೂ ತೋಳಿನ ಸ್ನಾಯುವಿನ ತುಣುಕನ್ನೂ ಬೆಂಗಳೂರಿಗೆ ಕಳಿಸಿದೆವು. ಸ್ನಾಯುವಿನ ವರದಿ ಮೊದಲು ಬಂತು. ನಾರುಗಳ ಒಳಗೆ ಅಂಚುಗಟ್ಟಿದ ಸಣ್ಣ ಸಣ್ಣ ಪೊಳ್ಳುಗಳು. ಅವುಗಳ ಸುತ್ತ ಪ್ರೋಟೀನಿನ ಗಂಟುಗಳು. ಗಂಟುಗಳ ಮೇಲೆ ಯುಬಿಕ್ವಿಟಿನ್ ಎಂಬ ಚೀಟಿ. ಅಂದರೆ ‘ಇದನ್ನು ಬಿಸಾಡಿ’ ಎಂದು ಕೋಶ ಗುರುತು ಹಾಕಿದೆ, ಬಿಸಾಡಲು ಆಗಿಲ್ಲ. ಆರು ವಾರದ ಮೇಲೆ ಜೀನ್ ವರದಿ ಬಂತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ವಿಸಿಪಿ ಪ್ರೋಟೀನಿನ 155ನೇ ಜಾಗದಲ್ಲಿ ಅರ್ಜಿನೀನ್ ಎಂಬ ಮಣಿ ಇರಬೇಕಾದಲ್ಲಿ ಹಿಸ್ಟಿಡೀನ್ ಇತ್ತು. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಬದಲಾವಣೆ ಇದೇ.

ಬಿಸಾಡುವ ಕೆಲಸ ಹೇಗೆ ನಡೆಯುತ್ತದೆ

ನಮ್ಮ ಕೋಶಗಳು ಹಗಲೂ ರಾತ್ರಿ ಪ್ರೋಟೀನ್ ಕಟ್ಟುತ್ತವೆ. ಹಾಗೆಯೇ ಹಗಲೂ ರಾತ್ರಿ ಒಡೆಯುತ್ತವೆ. ಕಟ್ಟುವಾಗ ಸೊಟ್ಟಗಾದದ್ದು, ಹಳೆಯದಾದದ್ದು, ಕೆಲಸ ಮುಗಿದದ್ದು, ಎಲ್ಲವೂ ಹೋಗಬೇಕು. ಹೋಗಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಅಂಟಿಸಲಾಗುತ್ತದೆ. ಅದೂ ಒಂದು ಪುಟ್ಟ ಪ್ರೋಟೀನ್. ಅದರಲ್ಲಿ 76 ಅಮೈನೋ ಆಮ್ಲಗಳು. ಒಂದಕ್ಕೆ ಒಂದು ಸೇರಿಸಿ ಸರಪಳಿಯ ಹಾಗೆ ಅಂಟಿಸಲಾಗುತ್ತದೆ. ಈ ಗುರುತಿನ ವಿದ್ಯೆಯನ್ನು ಬಿಡಿಸಿದ್ದಕ್ಕೆ ಆರನ್ ಸಿಚಾನೋವರ್, ಅವ್ರಾಮ್ ಹರ್ಷ್ಕೊ, ಇರ್ವಿನ್ ರೋಸ್ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಗುರುತು ಬಿದ್ದ ಪ್ರೋಟೀನನ್ನು ಕತ್ತರಿಸುವುದು ಪ್ರೋಟಿಯಾಸೋಮ್ ಎಂಬ ಕೊಳವೆ. ಕೊಳವೆಯ ಬಾಯಿ ಚಿಕ್ಕದು. ಗಂಟಾಗಿ ಮಡಚಿಕೊಂಡ ಪ್ರೋಟೀನ್ ಅದರೊಳಗೆ ಹೋಗುವುದಿಲ್ಲ. ಬಿಚ್ಚಿ ದಾರದ ಹಾಗೆ ಮಾಡಿದರೆ ಮಾತ್ರ ಹೋಗುತ್ತದೆ. ಕೆಲವು ಪ್ರೋಟೀನ್‌ಗಳನ್ನು ಪ್ರೋಟಿಯಾಸೋಮ್ ತಾನೇ ಬಿಚ್ಚಿಕೊಳ್ಳುತ್ತದೆ. ಆದರೆ ಪೊರೆಯಲ್ಲಿ ಹುದುಗಿದ್ದು, ಬೇರೆ ಪ್ರೋಟೀನ್‌ಗಳ ಗುಂಪಿನಲ್ಲಿ ಸಿಕ್ಕಿಕೊಂಡಿದ್ದು, ತೀರಾ ಬಿಗಿಯಾಗಿ ಮಡಚಿದ್ದು ಇದ್ದರೆ ಮೊದಲು ಯಾರಾದರೂ ಎಳೆದು ಬಿಚ್ಚಿಕೊಡಬೇಕು. ಆ ಎಳೆಯುವ ಯಂತ್ರವೇ ವಿಸಿಪಿ. ಜೀವವಿಜ್ಞಾನಿಗಳು ಇದನ್ನು ಪಿ97 ಎಂದೂ ಕರೆಯುತ್ತಾರೆ, ಅಳೆದಾಗ ಅದರ ತೂಕ ಸುಮಾರು 97 ಕಿಲೊಡಾಲ್ಟನ್ (ಅಣುಗಳ ತೂಕದ ಅಳತೆ) ಎಂದು ಕಂಡದ್ದರಿಂದ. ಯೀಸ್ಟ್‌ನಲ್ಲಿ ಇದೇ ಪ್ರೋಟೀನಿನ ಹೆಸರು ಸಿಡಿಸಿ48. ಹಿಟ್ಟು ಹುಳಿ ಬರಿಸುವ ಯೀಸ್ಟ್‌ನಿಂದ ಹಿಡಿದು ನಮ್ಮವರೆಗೆ ಹೆಚ್ಚು ಬದಲಾಗದೆ ಬಂದಿದೆ. ಇದಿಲ್ಲದೆ ಕೋಶ ಬದುಕುವುದಿಲ್ಲ.

(ವಿಸಿಪಿ ಅಂದರೆ ‘ವ್ಯಾಲೋಸಿನ್ ಇರುವ ಪ್ರೋಟೀನ್’. ವ್ಯಾಲೋಸಿನ್ ಎನ್ನುವುದು ಹಂದಿಯ ಕರುಳಿನಿಂದ ಬೇರ್ಪಡಿಸಿದ ಒಂದು ತುಣುಕು. ಆಮೇಲೆ ನೋಡಿದರೆ ಆ ತುಣುಕು ದೇಹ ಮಾಡಿದ್ದಲ್ಲ, ಶುದ್ಧ ಮಾಡುವಾಗ ದೊಡ್ಡ ಪ್ರೋಟೀನ್ ಮುರಿದು ಬಂದದ್ದು. ಹೆಸರು ಮಾತ್ರ ಉಳಿದುಕೊಂಡಿತು.)

ಯಂತ್ರದ ಆಕಾರ ಬಳೆಯಂತೆ. ಒಂದೇ ಥರದ ಆರು ತುಂಡು ಸೇರಿ ಒಂದು ಬಳೆ. ನಡುವೆ ತೂತು. ಕೋಶದ ಇಂಧನವಾದ ಎಟಿಪಿಯನ್ನು ಒಡೆದು ಬರುವ ಶಕ್ತಿಯಿಂದ ಪ್ರೋಟೀನನ್ನು ಆ ತೂತಿನ ಮೂಲಕ ಎಳೆಯುತ್ತದೆ. ಎಳೆಯುವ ರಭಸಕ್ಕೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಪ್ರತಿ ತುಂಡಿಗೂ ಮೇಲ್ಗಡೆ ಒಂದೊಂದು ತೋಳಿನಂಥ ಭಾಗ ಇದೆ. ಅದು ಮೇಲೂ ಕೆಳಗೂ ಆಡುತ್ತದೆ.

ಆದರೆ ಈ ಯಂತ್ರಕ್ಕೆ ಒಂದು ಮಿತಿ ಇದೆ. ಎಳೆಯಲು ಗೊತ್ತು, ಯಾವುದನ್ನು ಎಳೆಯಬೇಕು ಎಂದು ಅದಕ್ಕೆ ತಾನಾಗಿಯೇ ಗೊತ್ತಾಗುವುದು ಕಡಿಮೆ. ಅದನ್ನು ಹೇಳಿಕೊಡುವುದು ಕೋಫ್ಯಾಕ್ಟರ್ ಪ್ರೋಟೀನ್‌ಗಳು. ಪಿಯುಸಿಯಲ್ಲಿ ಓದಿದವರಿಗೆ ಕೋಫ್ಯಾಕ್ಟರ್ ಅಂದ ಕೂಡಲೇ ಸತು, ಮೆಗ್ನೀಷಿಯಂ, ವಿಟಮಿನ್‌ಗಳಿಂದ ಬರುವ ಸಣ್ಣ ಅಣುಗಳು ನೆನಪಾಗುತ್ತವೆ. ಇಲ್ಲಿ ಆ ಅರ್ಥ ಅಲ್ಲ. ಇವೂ ಪೂರ್ತಿ ಪ್ರೋಟೀನ್‌ಗಳೇ. ಪಿ97ಗೆ ಬಂದು ಕೂತು, ಕೆಲಸ ಕೊಟ್ಟು, ಬಿಟ್ಟು ಹೋಗುತ್ತವೆ. ಮನುಷ್ಯರಲ್ಲಿ ಇಂಥವು 30ಕ್ಕೂ ಹೆಚ್ಚು ಇವೆ. ಬಹಳಷ್ಟು ಆ ತೋಳುಗಳನ್ನೇ ಹಿಡಿಯುತ್ತವೆ, ಕೆಲವು ಬಾಲದ ಕಡೆ ಹಿಡಿಯುತ್ತವೆ. ತೋಳುಗಳಿರುವುದು ಆರೇ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಜಾಗವಿಲ್ಲ. ಒಂದು ಕೂತರೆ ಇನ್ನೊಂದು ಕಾಯಬೇಕು.

ಮೊದಲು ಸಿಕ್ಕ ಜೊತೆಗಾರ ಪಿ47, 1997ರಲ್ಲಿ. ಅದರ ಜೊತೆ ಸೇರಿದಾಗ ಪಿ97 ಒಡೆದ ಪೊರೆಗಳನ್ನು ಮತ್ತೆ ಕೂಡಿಸುವ ಕೆಲಸದಲ್ಲಿ ಇರುತ್ತದೆ. ಯುಎಫ್‌ಡಿ1 ಮತ್ತು ಎನ್‌ಪಿಎಲ್4 ಎಂಬ ಇನ್ನೊಂದು ಜೋಡಿ ಇದೆ. ಇವು ಯಾವಾಗಲೂ ಜೊತೆಯಾಗಿಯೇ ಬರುತ್ತವೆ, ಒಂದು ಬಳೆಗೆ ಒಂದು ಜೋಡಿ. ಈ ಜೋಡಿ ಕೂತರೆ ಅದೇ ಪಿ97 ಬಿಸಾಡುವ ಕೆಲಸಕ್ಕೆ ತಿರುಗುತ್ತದೆ. ಕೋಶದ ಒಳಪೊರೆಗಳಲ್ಲಿ ಸೊಟ್ಟಗೆ ಮಡಚಿಕೊಂಡ ಪ್ರೋಟೀನ್‌ಗಳನ್ನು ಹೊರಗೆಳೆದು ಪ್ರೋಟಿಯಾಸೋಮ್ ಕಡೆ ಕಳಿಸುತ್ತದೆ.

ಈ ಜೋಡಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. 2019ರಲ್ಲಿ ಯೀಸ್ಟ್‌ನ ಯಂತ್ರವನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅದು ಕಣ್ಣಿಗೆ ಬಿತ್ತು. ಯುಬಿಕ್ವಿಟಿನ್ ಗಟ್ಟಿಮುಟ್ಟಾದ ಪ್ರೋಟೀನ್, ಕುದಿಸಿದರೂ ಸುಲಭಕ್ಕೆ ಕೆಡುವುದಿಲ್ಲ. ಅಂಥದ್ದರಲ್ಲಿ ಒಂದನ್ನು ಎನ್‌ಪಿಎಲ್4 ಎಟಿಪಿ ಖರ್ಚಿಲ್ಲದೆಯೇ ಬಿಚ್ಚಿ ತನ್ನ ಮೈಗೆ ಒತ್ತಿಕೊಂಡು, ಅದರ ತುದಿಯನ್ನು ಬಳೆಯ ತೂತಿಗೆ ಕೊಡುತ್ತದೆ. ಅಷ್ಟು ಸಿಕ್ಕರೆ ಸಾಕು. ಬಳೆ ಎಳೆಯತೊಡಗುತ್ತದೆ. ಮೊದಲು ಆ ಯುಬಿಕ್ವಿಟಿನ್, ಅದರ ಹಿಂದೆ ಅದು ಅಂಟಿದ ಪ್ರೋಟೀನ್. ಮಿಲ್ಲಿನಲ್ಲಿ ಚೀಲದ ಬಾಯಿಗೆ ಹಾಕುವ ಮೆಷಿನ್ ಹೊಲಿಗೆ ನೋಡಿದ್ದೀರಲ್ವಾ? ಎಲ್ಲೆಲ್ಲೋ ಕಿತ್ತರೆ ದಾರ ಬಿಗಿಯುತ್ತದೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚುತ್ತದೆ. ಎನ್‌ಪಿಎಲ್4 ಆ ತುದಿ ಹುಡುಕಿಕೊಡುವ ಕೈ.

ಮೂರನೆಯದು ಯುಬಿಎಕ್ಸ್‌ಡಿ1. ಇದರ ದಾರಿ ಬೇರೆ. ಕೋಶದಲ್ಲಿ ಲೈಸೋಸೋಮ್ ಎಂಬ ಕರಗಿಸುವ ಚೀಲಗಳಿವೆ. ಪ್ರೋಟಿಯಾಸೋಮಿಗೆ ಹೋಗದ ದೊಡ್ಡ ಗಂಟುಗಳು ಅಲ್ಲಿಗೆ ಹೋಗುತ್ತವೆ. ಆ ಚೀಲವೇ ಹರಿದರೆ ಒಳಗಿನ ರಸ ಸೋರಿ ಕೋಶಕ್ಕೇ ಅಪಾಯ. ಹರಿದ ಲೈಸೋಸೋಮನ್ನು ತೆಗೆದುಹಾಕುವ ಕೆಲಸಕ್ಕೆ ಪಿ97 ಬೇಕು, ಅದನ್ನು ಅಲ್ಲಿಗೆ ಕರೆದೊಯ್ಯುವವರಲ್ಲಿ ಯುಬಿಎಕ್ಸ್‌ಡಿ1 ಒಂದು.

ಯಂತ್ರ ಕೆಟ್ಟಿಲ್ಲ, ಆದರೂ ಕಾಯಿಲೆ

ಜೀನ್ ವರದಿ ಬಂದ ದಿನ ಮೂವರನ್ನೂ ಕೂರಿಸಿ ಹೇಳಿದೆ. ಯಂತ್ರ ಕೆಟ್ಟಿದೆ, ಕಸ ತುಂಬಿಕೊಳ್ಳುತ್ತಿದೆ, ಅದಕ್ಕೇ ಸ್ನಾಯು ಸೊರಗುತ್ತಿದೆ ಎಂದೆ. ಸುಲಭವಾಗಿ ಹೇಳಿದೆ ಅಂತ ಸಮಾಧಾನವೂ ಆಯಿತು. ಮುಂದಿನ ವಾರ ಮಗಳು ಒಬ್ಬಳೇ ಬಂದಳು. ಕೈಯಲ್ಲಿ ನೋಟ್ ಬುಕ್.

“ಸರ್, ನೀವು ಯಂತ್ರ ಕೆಟ್ಟಿದೆ ಅಂದ್ರಿ. ನಾನು ಓದಿದ್ದರಲ್ಲಿ ಈ ಬದಲಾವಣೆ ಇದ್ದರೆ ಎಟಿಪಿ ಒಡೆಯುವ ವೇಗ ಜಾಸ್ತಿ ಆಗ್ತದ ಅಂತ ಐತಿ. ಕೆಟ್ಟ ಯಂತ್ರ ಜೋರಾಗಿ ಹೆಂಗ ಓಡ್ತದ?”

ಅವಳ ಮಾತು ಸರಿ ಇತ್ತು. ನಾನು ಹೇಳಿದ್ದು ತಪ್ಪು. 155ನೇ ಜಾಗ ಇರುವುದು ತೋಳು ಬಳೆಗೆ ಸೇರುವ ಸಂದಿನಲ್ಲಿ. ಅಲ್ಲಿ ಬದಲಾದರೆ ತೋಳು ಕೆಳಗೆ ಕೂರುವುದು ಕಡಿಮೆಯಾಗಿ, ಮೇಲೇ ಇರುವುದು ಜಾಸ್ತಿಯಾಗುತ್ತದೆ. ತೋಳು ಮೇಲಿದ್ದರೆ ಯುಎಫ್‌ಡಿ1–ಎನ್‌ಪಿಎಲ್4 ಜೋಡಿಗೆ ಹಿಡಿಯಲು ಅನುಕೂಲ. ಪ್ರಯೋಗಾಲಯದಲ್ಲಿ ನೋಡಿದರೆ ಈ ಬದಲಾವಣೆಯ ಪಿ97 ಆ ಜೋಡಿಯನ್ನು ಹೆಚ್ಚು ಹಿಡಿಯುತ್ತದೆ, ಗುರುತು ಬಿದ್ದ ಪ್ರೋಟೀನನ್ನು ಇನ್ನೂ ಬೇಗ ಬಿಚ್ಚುತ್ತದೆ. ಅದೇ ಯಂತ್ರ ಯುಬಿಎಕ್ಸ್‌ಡಿ1ನ್ನು ಹಿಡಿಯುವುದು ಕಡಿಮೆ. ಹಾಗಾಗಿ ಲೈಸೋಸೋಮ್ ಕಡೆಯ ಕೆಲಸ ಹಿಂದೆ ಬೀಳುತ್ತದೆ. ದೊಡ್ಡ ಗಂಟುಗಳು ಉಳಿಯುತ್ತವೆ. ಕಾಯಿಲೆಗೆ ಇವೆರಡರಲ್ಲಿ ಯಾವುದರ ಪಾಲು ದೊಡ್ಡದು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಯಂತ್ರ ನಿಂತುಹೋಗಿದೆ ಎಂಬ ಮಾತು ನಿಲ್ಲುವುದಿಲ್ಲ. ಕೆಟ್ಟಿರುವುದು ಯಾರ ಜೊತೆ ಎಷ್ಟು ಹೊತ್ತು ಎಂಬ ಹಂಚಿಕೆ.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಯಂತ್ರ ನಿಧಾನ ಅಂದುಕೊಂಡರೆ ಔಷಧಿ ಅದನ್ನು ಚುರುಕು ಮಾಡಬೇಕು ಎಂದು ಹುಡುಕುತ್ತೇವೆ. ಜೋರಾಗಿದೆ ಅಂದರೆ ತಡೆಯಬೇಕು ಎಂದು ಹುಡುಕುತ್ತೇವೆ. ಹಣ್ಣಿನ ನೊಣಗಳಲ್ಲೂ ರೋಗಿಗಳ ಕೋಶಗಳಲ್ಲೂ ಪಿ97 ತಡೆಯುವ ಔಷಧಿ ಸ್ವಲ್ಪ ಕೊಟ್ಟಾಗ ಹಾನಿ ಕಡಿಮೆಯಾದದ್ದನ್ನು ವಿಜ್ಞಾನಿಗಳು ನೋಡಿದ್ದಾರೆ. ಒಂದು ತಪ್ಪು ಪದ ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಬಹುದು.

ಮಗಳು ಇನ್ನೊಂದು ಕೇಳಿದಳು. ಅಪ್ಪನಿಗೆ ಎರಡು ಜೀನ್‌ಗಳಲ್ಲಿ ಒಂದು ಸರಿ ಇದೆ. ಹಾಗಾದರೆ ಅರ್ಧ ಯಂತ್ರಗಳಾದರೂ ಸರಿ ಇರಬೇಕಲ್ವಾ? ಇದಕ್ಕೆ ಅವಳ ನೋಟ್ ಬುಕ್ಕಿನಲ್ಲೇ ಲೆಕ್ಕ ಹಾಕಿದೆವು. ಒಂದು ಬಳೆಗೆ ಆರು ತುಂಡು. ಸರಿ ತುಂಡು, ಬದಲಾದ ತುಂಡು ಎರಡೂ ಸಮವಾಗಿ ಬೆರೆತು ಜೋಡಣೆಯಾದರೆ, ಆರಕ್ಕೆ ಆರೂ ಸರಿ ಇರುವ ಸಾಧ್ಯತೆ ಎರಡರಲ್ಲಿ ಒಂದನ್ನು ಆರು ಸಲ ಗುಣಿಸಿದಷ್ಟು. ಅಂದರೆ 64ರಲ್ಲಿ ಒಂದು. ಉಳಿದ 63 ಬಳೆಗಳಲ್ಲಿ ಒಂದಾದರೂ ಬದಲಾದ ತುಂಡು ಇರುತ್ತದೆ. ಅವಳು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಳು.

ಹುಟ್ಟಿನಿಂದ ಇರುವ ಬದಲಾವಣೆ ನಲವತ್ತು ದಾಟಿದ ಮೇಲೆ ಯಾಕೆ ಕಾಣುತ್ತದೆ ಎಂದೂ ಕೇಳಿದಳು. ಚರ್ಮದ ಕೋಶ, ಕರುಳಿನ ಕೋಶ ಎರಡಾಗಿ ಒಡೆಯುತ್ತವೆ, ಉದುರುತ್ತವೆ. ಕಸವೂ ಅದರ ಜೊತೆ ಹಂಚಿ ಹೋಗುತ್ತದೆ. ಸ್ನಾಯುವಿನ ನಾರು, ಮಿದುಳಿನ ನರಕೋಶ ಹಾಗಲ್ಲ. ಒಮ್ಮೆ ಬೆಳೆದರೆ ಒಡೆಯುವುದಿಲ್ಲ. ದಿನಕ್ಕೆ ಚೂರೇ ಚೂರು ಉಳಿದರೂ ವರ್ಷಗಳಲ್ಲಿ ಗುಡ್ಡೆಯಾಗುತ್ತದೆ.

ಅಪ್ಪ ಹೇಳಿದ ರೀತಿ

ಮಗಳು ಮನೆಗೆ ಹೋಗಿ ಇದನ್ನೆಲ್ಲ ಅಪ್ಪನಿಗೆ ಹೇಳಿದ್ದಾಳೆ. ಮುಂದಿನ ಸಲ ಬಂದಾಗ ಅವರು ತಾವಾಗಿಯೇ ಶುರು ಮಾಡಿದರು.

“ಸಾಹೇಬ್ರ, ಹಿಂಗ್ ತಿಳ್ಕೊಂಡೀನಿ ನೋಡ್ರಿ. ಹಮಾಲನ ಹೆಗಲು ಗಟ್ಟೇ ಅದ. ಒಬ್ಬ ಮುಕಾದಮ ಬಂದು ಇದ್ದಷ್ಟು ಹಮಾಲರನ ತನ್ನ ಗಾಡಿಗೇ ಕರ್ಕೊಂಡು ಹೋದ. ಆ ಕಡಿ ಗೋದಾಮಿಗಿ ಹೋಗಾಕ ಮಂದೀನೇ ಇಲ್ಲ. ಅಲ್ಲಿ ಮಾಲು ಬಿದ್ದು ಕೊಳಿತದ. ಹಂಗೇ ಅಲ್ರೀ?”

ಹಾಗೆಯೇ. ನಾನು ಎರಡು ವಾರ ಪುಸ್ತಕ ತಿರುವಿ ಹುಡುಕಿದ ಹೋಲಿಕೆಗಿಂತ ಇದು ಚೆನ್ನಾಗಿತ್ತು. ಅಲ್ಲಿಂದ ಮುಂದೆ ಈ ಕಾಯಿಲೆಯನ್ನು ಯಾರಿಗೆ ಹೇಳುವಾಗಲೂ ನಾನು ಮುಕಾದಮನಿಂದಲೇ, ಅಂದರೆ ಹಮಾಲರ ಮೇಸ್ತ್ರಿಯಿಂದಲೇ, ಶುರು ಮಾಡುತ್ತೇನೆ.

ಮಾಡಿದ್ದು, ಮಾಡಲಾಗದ್ದು

ಸ್ನಾಯುವಿನ ಭಾಗಕ್ಕೆ ಸಾಬೀತಾದ ಔಷಧಿ ಇಲ್ಲ. ಇದನ್ನು ಮೊದಲೇ ನೇರವಾಗಿ ಹೇಳಿದೆ. ಹೈದರಾಬಾದಿಗೋ ಮುಂಬೈಗೋ ಹೋಗಿ ಹೊಲ ಮಾರಿದ ದುಡ್ಡು ಸುರಿಯುವ ಮುಂಚೆ ಅವರಿಗೆ ಗೊತ್ತಿರಬೇಕಿತ್ತು. ಪಿ97 ತಡೆಯುವ ಔಷಧಿಯೊಂದನ್ನು ಕ್ಯಾನ್ಸರಿಗಾಗಿ ಮನುಷ್ಯರಲ್ಲಿ ಪರೀಕ್ಷಿಸಿದ್ದರು. ಕಣ್ಣಿನ ದೃಷ್ಟಿಗೆ ತೊಂದರೆ ಬಂದು ಅದು ನಿಂತಿತು. ಬೇರೆ ಪ್ರಯತ್ನಗಳು ನಡೆದಿವೆ. ನಮ್ಮ ಕೈಗೆ ಇನ್ನೂ ಬಂದಿಲ್ಲ.

ಮೂಳೆಗೆ ಮಾತ್ರ ಒಳ್ಳೆಯ ಔಷಧಿ ಇದೆ. ಜೋಲೆಡ್ರಾನಿಕ್ ಆಮ್ಲ 5 ಮಿಲಿಗ್ರಾಂ, ಒಂದೇ ಸಲ ಡ್ರಿಪ್‌ನಲ್ಲಿ. ಕೊಡುವ ಮೊದಲು ಕಿಡ್ನಿ ನೋಡಬೇಕು, ವಿಟಮಿನ್ ಡಿ ಸರಿ ಇರಬೇಕು. ನಾನು ತಪ್ಪು ದಾರಿಯಲ್ಲಿ ಕೊಟ್ಟ ಆ ಪುಡಿ ಇಲ್ಲಿ ಉಪಯೋಗಕ್ಕೆ ಬಂತು. ಎರಡು ದಿನ ಜ್ವರ, ಮೈ ಕೈ ನೋವು ಇತ್ತು, ಹೋಯಿತು. ನಾಲ್ಕು ತಿಂಗಳಿಗೆ ಆಲ್ಕಲೈನ್ ಫಾಸ್ಫಟೇಸ್ 118ಕ್ಕೆ ಇಳಿಯಿತು. ರಾತ್ರಿ ಮಲಗಿದಾಗ ಸೊಂಟದ ಬಲಗಡೆ ನೋಯುತ್ತಿತ್ತು, ಅದು ಹೋಯಿತು ಎಂದು ಆಗ ಹೇಳಿದರು. ಹಮಾಲಿಗೆ ಸೊಂಟ ನೋಯದೆ ಇರುತ್ತದಾ ಎಂದು ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಉಳಿದದ್ದು ಕಾವಲು. ಈ ಕಾಯಿಲೆಯಲ್ಲಿ ಉಸಿರಿನ ಸ್ನಾಯುಗಳು ಸದ್ದಿಲ್ಲದೆ ಸೋಲುತ್ತವೆ. ಆರು ತಿಂಗಳಿಗೊಮ್ಮೆ ಕೂತಾಗ ಮತ್ತು ಮಲಗಿದಾಗ ಉಸಿರಿನ ಅಳತೆ ನೋಡುತ್ತೇವೆ. ವರ್ಷಕ್ಕೊಮ್ಮೆ ಹೃದಯದ ಎಕೋ. ಬೆಳಗಿನ ತಲೆನೋವು, ಹಗಲು ನಿದ್ದೆ ಬಂದರೆ ತಡ ಮಾಡದೆ ಬರಬೇಕೆಂದು ಹೆಂಡತಿಗೆ ಹೇಳಿದ್ದೇನೆ. ಫಿಸಿಯೋಥೆರಪಿ ಇದೆ, ಆದರೆ ದಣಿಯುವ ಮಟ್ಟಕ್ಕೆ ಅಲ್ಲ. ಹಟ ಹಿಡಿದು ತೂಕ ಎತ್ತಿದರೆ ಸ್ನಾಯು ಬೆಳೆಯುವುದಿಲ್ಲ. ಒಬ್ಬ ಹಮಾಲಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಮಿಲ್ಲಿನ ಮಾಲೀಕರು ಕಾಟಾದ ಮುಂದೆ ಕೂತು ತೂಕ ಬರೆಯುವ ಕೆಲಸ ಕೊಟ್ಟರು. ಕೂಲಿ ಕಡಿಮೆ. ಮೇಜು ಎದೆ ಮಟ್ಟಕ್ಕಿಂತ ಕೆಳಗಿದ್ದರೆ ಕೈ ಸೋಲುವುದಿಲ್ಲ ಎಂದು ಅವರೇ ಕಂಡುಕೊಂಡು ಮೇಜಿನ ಕಾಲು ಕೊಯ್ಯಿಸಿದ್ದಾರೆ.

ಮಿದುಳಿನ ಮಾತು ಎತ್ತುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಈ ಬದಲಾವಣೆ ಇರುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಸ್ನಾಯು ಸೋಲುತ್ತದೆ, ಅರ್ಧಕ್ಕೆ ಹತ್ತಿರ ಜನಕ್ಕೆ ಮೂಳೆ ಕೆಡುತ್ತದೆ, ಮೂರರಲ್ಲಿ ಸುಮಾರು ಒಬ್ಬರಿಗೆ ಮಿದುಳು ಸವೆಯುತ್ತದೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಅಪ್ಪನಿಗೆ ಬಂದದ್ದು ಮಗನಿಗೂ ಬಂದೇ ಬರುತ್ತದೆ ಎಂದಲ್ಲ. ನಾನು ಇಷ್ಟು ಹೇಳಿದಾಗ ಅವರು ಕಾಯಿಲೆಯ ಬಗ್ಗೆ ಏನೂ ಕೇಳಲಿಲ್ಲ. “ಅಂದ್ರ ನಮ್ಮಪ್ಪಗ ಗಾಳಿ ಬಡ್ದಿದ್ದಿಲ್ಲ” ಅಂದರು. ಇಲ್ಲ ಎಂದೆ. ಊರಿನಲ್ಲಿ ಆ ಮಾತಿಗೆ ಅವರ ಅವ್ವ ಎಷ್ಟು ವರ್ಷ ಕೊರಗಿದ್ದರು ಎಂದು ಆಮೇಲೆ ಹೆಂಡತಿ ಹೇಳಿದರು.

ಮಕ್ಕಳ ಪ್ರಶ್ನೆ ಉಳಿಯಿತು. ಮಗಳು 19, ಮಗ 22. ಇಬ್ಬರಿಗೂ ಈ ಜೀನ್ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿಕೊಂಡರೆ ಗೊತ್ತಾಗುತ್ತದೆ, ಆದರೆ ಗೊತ್ತಾದ ಮೇಲೆ ತಡೆಯುವ ಔಷಧಿ ಈಗ ಇಲ್ಲ. ಮದುವೆಯ ಮಾತುಕತೆ ನಡೆಯುವ ವಯಸ್ಸು. ನಾನು ಮಾಡಿಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇದು ಅವರವರೇ, ಬೇರೆ ಬೇರೆಯಾಗಿ, ಸಮಯ ತೆಗೆದುಕೊಂಡು ನಿರ್ಧರಿಸಬೇಕಾದದ್ದು. ಮನೆಯ ಹಿರಿಯರು ಒತ್ತಾಯ ಮಾಡಬಾರದು ಎಂದು ಮಾತ್ರ ಗಟ್ಟಿಯಾಗಿ ಹೇಳಿದೆ. ಮಗ ಬೇಡ ಅಂದಿದ್ದಾನೆ. ಮಗಳು ಎಂ.ಎಸ್ಸಿ. ಮುಗಿಯಲಿ ಸರ್, ಆಮೇಲೆ ನೋಡ್ತೀನಿ ಅಂದಳು. ಜೀವರಸಾಯನಶಾಸ್ತ್ರಕ್ಕೆ ಅರ್ಜಿ ಹಾಕಿದ್ದಾಳೆ.

ಕಳೆದ ವಾರ ಅವಳಿಂದ ಫೋನ್ ಬಂತು. ಸುರಪುರದ ಕಡೆ ಇರುವ ಕಾಕಾನಿಗೆ ನೀರಿನ ಕೊಡ ಎತ್ತಿ ಅಟ್ಟಕ್ಕೆ ಇಡಲು ಆಗುತ್ತಿಲ್ಲವಂತೆ. ವಯಸ್ಸು 41. ಊರಲ್ಲಿ ಎಲ್ಲರೂ ಹೆಗಲು ಉಳುಕಿದೆ ಎಂದು ಎಣ್ಣೆ ಹಚ್ಚುತ್ತಿದ್ದಾರೆ. ಸೋಮವಾರ ಕರೆದುಕೊಂಡು ಬರ್ತೀನಿ ಸರ್ ಅಂದಳು. ಮನೆಯಲ್ಲಿರುವ ಹಳೇ ರಿಪೋರ್ಟ್ ಒಂದೂ ಬಿಡದೆ ತರಲು ಹೇಳಿದೆ. ಯಾರಾದರೂ ‘ಲಿವರ್’ ಎಂದು ಬರೆದು ಪಕ್ಕಕ್ಕಿಟ್ಟದ್ದು ಇದ್ದರೆ ಅದನ್ನು ಮೇಲೆ ಇಟ್ಟುಕೊಂಡು ಬಾ ಎಂದೆ.